ಯಾಣದ ಸುತ್ತು: ನಮ್ಮ ಹಿರಿಯರು ನಡೆದ ದಾರಿಯ ಕತೆ

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಒಂದು ಲೇಖನ ಬೇಕು ಎಂದು ಸಂಪಾದಕ ಮಂಡಳಿಯವರು ಹೇಳಿದಾಗ ನಾವು ಸ್ವಲ್ಪ ಹಿಂದೆಮುಂದೆ ನೋಡಿದೆವು. ನಮ್ಮ ಕಡೆ ರಾಜರು ಅರಮನೆ ಕಟ್ಟಿಸಲಿಲ್ಲ, ದೊಡ್ಡ ಯುದ್ಧ ನಡೆಯಲಿಲ್ಲ. ಹಾಗಾದರೆ ಬರೆಯುವುದು ಎಂತದು? ಯೋಚನೆ ಮಾಡುತ್ತ ಕುಳಿತಾಗ ನಮ್ಮ ಅಜ್ಜ ಪ್ರತಿ ಶಿವರಾತ್ರಿಯ ಹೊತ್ತಿಗೆ ಹೇಳುತ್ತಿದ್ದ ಗಾದೆ ನೆನಪಾಯಿತು. "ಸೊಕ್ಕಿದ್ರೆ ಯಾಣ, ರೊಕ್ಕಿದ್ರೆ ಗೋಕರ್ಣ." ಈ ಗಾದೆ ಗೊತ್ತಿಲ್ಲದವರು ಕುಮಟಾ, ಹೊನ್ನಾವರ ಕಡೆ ಯಾರೂ ಇರಲಿಕ್ಕಿಲ್ಲ. ಗಾದೆಯಲ್ಲಿ ಎರಡು ಊರುಗಳಿವೆ, ಆದರೆ ಆ ಎರಡರ ನಡುವಿನ ದಾರಿಯ ಮಾತು ಅದರಲ್ಲಿಲ್ಲ. ನಮಗೆ ಹೇಳಬೇಕಾದದ್ದು ಆ ದಾರಿಯ ಕತೆ.

ಇದನ್ನು ದಾರಿ ಅನ್ನುವುದಕ್ಕಿಂತ ಒಂದು ಸುತ್ತು ಅನ್ನಬೇಕು. ಊರಿಂದ ಹೊರಟು ಹಳ್ಳದ ಬದಿಯಲ್ಲಿ ಘಟ್ಟ ಹತ್ತಿ ಯಾಣಕ್ಕೆ ಹೋಗುವುದು. ಅಲ್ಲಿ ಬಂಡೆಗೆ ಒಂದು ಸುತ್ತು ಬರುವುದು. ಇಳಿದು ಅಘನಾಶಿನಿಯ ದಡಕ್ಕೆ ಬಂದು, ನದಿಗುಂಟ ಗೋಕರ್ಣಕ್ಕೆ ಹೋಗುವುದು. ಸಮುದ್ರದ ಮೇಲಿನ ಗುಡ್ಡದಲ್ಲಿ ಸ್ವಲ್ಪ ಹೊತ್ತು ಕುಳಿತು, ಸಾಣೀಕಟ್ಟೆಯ ಉಪ್ಪಿನಾಗರ, ಮಿರ್ಜಾನಿನ ಕೋಟೆ ದಾಟಿ ಮನೆಗೆ ತಿರುಗಿ ಬರುವುದು. ಹಿಂದಿನವರು ಇದನ್ನು ಯಾತ್ರೆ ಎಂದು ಕರೆದರು, ಕೆಲವರು ವ್ಯಾಪಾರ ಎಂದರು. ಈಗಿನವರು ಚಾರಣ ಅನ್ನುತ್ತಾರೆ.

ಕರಿಬಂಡೆಯ ಹತ್ತಿರ

ಯಾಣ ಕುಮಟೆಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಸಹ್ಯಾದ್ರಿಯ ಮಡಿಲಿನಲ್ಲಿದೆ. ದಟ್ಟ ಕಾಡಿನ ನಡುವೆ ಎರಡು ದೊಡ್ಡ ಕಪ್ಪು ಬಂಡೆಗಳು ಎದ್ದು ನಿಂತಿವೆ. ಒಂದು ಭೈರವೇಶ್ವರ ಶಿಖರ, ಸುಮಾರು 120 ಮೀಟರ್ ಎತ್ತರ. ಇನ್ನೊಂದು ಮೋಹಿನಿ ಶಿಖರ, ಸುಮಾರು 90 ಮೀಟರ್. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಯಾರ ತಲೆಯ ಮೇಲೆ ಕೈ ಇಟ್ಟರೂ ಅವರು ಬೂದಿಯಾಗಬೇಕೆಂದು ಭಸ್ಮಾಸುರ ಶಿವನಿಂದ ವರ ಪಡೆದ. ಪಡೆದವನು ಅದನ್ನು ಶಿವನ ಮೇಲೆಯೇ ಪರೀಕ್ಷೆ ಮಾಡಲು ಹೊರಟ. ವಿಷ್ಣು ಮೋಹಿನಿಯಾಗಿ ಬಂದು ಕುಣಿದು, ಅವನ ಕೈಯನ್ನು ಅವನ ತಲೆಯ ಮೇಲೆಯೇ ಇಡಿಸಿದ. ಯಾಣದ ಸುತ್ತಲಿನ ಕಪ್ಪು ಸಡಿಲ ಮಣ್ಣು ಆ ಬೂದಿಯೇ ಎಂದು ಹಿರಿಯರು ತೋರಿಸುತ್ತಿದ್ದರು.

ಬಂಡೆ ಸುಣ್ಣದ ಕಲ್ಲಿನದು. ಮಳೆಯ ನೀರು ಎಲೆ, ಕಸ, ಮಣ್ಣಿನ ಮೂಲಕ ಹಾಯುವಾಗ ಅದಕ್ಕೆ ಸ್ವಲ್ಪ ಹುಳಿಯ ಗುಣ ಬರುತ್ತದೆ. ಆ ನೀರು ಸುಣ್ಣದ ಕಲ್ಲನ್ನು ಸಾವಿರಾರು ವರ್ಷ ತಿಂದು ತಿಂದು, ಮೊನಚು ತುದಿ, ಬಿರುಕು, ಗವಿ ಎಲ್ಲ ಆಗಿವೆ. ಹತ್ತಿರದ ಮಾಬಗಿಯ ಜಲಪಾತಕ್ಕೆ ವಿಭೂತಿ ಎಂಬ ಹೆಸರು ಬಂದದ್ದೂ ಸುಣ್ಣದ ಕಲ್ಲಿನ ಬಿಳುಪಿನಿಂದ ಎನ್ನುತ್ತಾರೆ. ಕರಿ ಬಂಡೆಯಲ್ಲಿ ಭಸ್ಮಾಸುರನ ಬೂದಿ, ಬಿಳಿ ಕಲ್ಲಿನಲ್ಲಿ ಶಿವನ ವಿಭೂತಿ! ಪುರಾಣ ಒಂದು ರೀತಿ ಹೇಳಿತು, ವಿಜ್ಞಾನ ಇನ್ನೊಂದು ರೀತಿ ಹೇಳಿತು. ನಮ್ಮ ಹಿರಿಯರು ಕಣ್ಣು ಬಿಟ್ಟು ನೋಡಿಯೇ ಕತೆ ಕಟ್ಟಿದ್ದರು ಎಂಬುದಂತೂ ನಿಜ.

ಭೈರವೇಶ್ವರ ಶಿಖರದ ಬುಡದ ಗವಿಯಲ್ಲಿ ಸ್ವಯಂಭೂ ಲಿಂಗವಿದೆ. ಮೇಲಿನ ಬಂಡೆಯಿಂದ ಅದರ ಮೇಲೆ ನೀರು ತೊಟ್ಟಿಕ್ಕುತ್ತದೆ. ಇದಕ್ಕೆ ಗಂಗೋದ್ಭವ ಎಂದು ಹೆಸರು. ದರ್ಶನವಾದ ಮೇಲೆ ಬಂಡೆಯ ಬಿರುಕಿನೊಳಗೆ ಹೊಕ್ಕು, ಹತ್ತಿ ಇಳಿದು, ಇನ್ನೊಂದು ಕಡೆಗೆ ಹೊರಬರಬಹುದು. ಅದೇ ಪ್ರದಕ್ಷಿಣೆ. ನಾವು ಮೊದಲ ಸಲ ಹೋದಾಗ ಆ ಕತ್ತಲೆಯಲ್ಲಿ ಅಜ್ಜನ ಪಂಚೆ ಬಿಡಲಿಲ್ಲ. ತಲೆ ಎತ್ತಿದರೆ ಆಕಾಶ ಒಂದು ಗೀರಿನ ಹಾಗೆ ಕಾಣುತ್ತಿತ್ತು. "ಹೆದರಬೇಡ್ವೋ, ಇಲ್ಲಿ ಸೊಕ್ಕು ಇಳಿಸ್ಕಂಡೇ ಹೊರಗೆ ಹೋಗ್ಬೇಕು" ಎಂದರು ಅಜ್ಜ. ಸೊಕ್ಕು ಅಂದರೆ ಅಹಂಕಾರವೂ ಹೌದು, ಮೈಯ ತಾಕತ್ತೂ ಹೌದು. ಗಾದೆಯ ಎರಡೂ ಅರ್ಥ ನಮಗೆ ಆ ದಿನ ತಿಳಿಯಿತು. ಒಂದು ಅರ್ಥ ಕಾಲಿಗೆ ತಿಳಿಯಿತು, ಇನ್ನೊಂದು ತಲೆಗೆ.

ನೀರಿನ ಜೊತೆ ಇಳಿಯುವುದು

ಯಾಣದ ಹತ್ತಿರ ಹುಟ್ಟುವ ಚಂಡಿಕಾ ಹೊಳೆ ಕಾಡು, ತೋಟ ಹಾದು ಉಪ್ಪಿನಪಟ್ಟಣದ ಹತ್ತಿರ ಅಘನಾಶಿನಿಯನ್ನು ಸೇರುತ್ತದೆ. ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಅಳಿವೆಯಲ್ಲಿ ಸಮುದ್ರ ಸೇರುವ ನದಿ. ಇವತ್ತಿನವರೆಗೂ ಇದಕ್ಕೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಯಾಣದ ಗವಿಯ ತೀರ್ಥವನ್ನು ಗೋಕರ್ಣಕ್ಕೆ ಒಯ್ದು ಅಭಿಷೇಕ ಮಾಡಿಸುವ ರೂಢಿ ಹಿಂದಿನಿಂದ ಬಂದದ್ದು. ಯೋಚನೆ ಮಾಡಿ ನೋಡಿದರೆ ಆ ನೀರು ಯಾರೂ ಹೊರದಿದ್ದರೂ ಅದೇ ಕಡಲಿಗೆ ಹೋಗಿ ಸೇರುವಂಥದ್ದು. ಮನುಷ್ಯರು ಅದರ ಜೊತೆ ನಡೆದರು, ಅಷ್ಟೇ.

ಉಪ್ಪಿನಪಟ್ಟಣ ಎಂಬ ಹೆಸರನ್ನು ಗಮನಿಸಬೇಕು. ಗೋಕರ್ಣದ ಹತ್ತಿರದ ಸಾಣೀಕಟ್ಟೆಯಲ್ಲಿ ತಲೆತಲಾಂತರದಿಂದ ಉಪ್ಪು ತೆಗೆಯುತ್ತಾರೆ. ಭರತದ ನೀರಿನ ಜೊತೆ ದೋಣಿಗಳು ಉಪ್ಪನ್ನು ಹೇರಿಕೊಂಡು ಒಳನಾಡಿಗೆ ಬರುತ್ತಿದ್ದವು. ಅಲ್ಲಿಂದ ಮುಂದೆ ದೋಣಿ ಹೋಗುವುದಿಲ್ಲ, ಹೇರೆತ್ತು ಮತ್ತು ಮನುಷ್ಯರ ತಲೆಯೇ ಗತಿ. ಘಟ್ಟದ ಮೇಲೆ ಉಪ್ಪು, ಒಣಮೀನು, ತೆಂಗಿನಕಾಯಿ ಹೋಗುತ್ತಿತ್ತು. ಮೇಲಿನಿಂದ ಅಡಿಕೆ, ಕಾಳುಮೆಣಸು, ಏಲಕ್ಕಿ, ಜೇನುತುಪ್ಪ ಬರುತ್ತಿತ್ತು. ದೇವರಿಗೆ ಹೋಗುವವನ ಬುತ್ತಿಯ ಜೊತೆ ಒಂದು ಸೇರು ಉಪ್ಪೂ ಇರುತ್ತಿತ್ತು. ಅಜ್ಜ ಇದನ್ನು ಮುಚ್ಚಿಡದೆ ಹೇಳುತ್ತಿದ್ದರು: "ದೇವ್ರ ಕೆಲ್ಸಾನೂ ಆಯ್ತು, ಮನೆ ಕೆಲ್ಸಾನೂ ಆಯ್ತು."

ಮೆಣಸಿನ ಕಾಲ, ಹತ್ತಿಯ ಕಾಲ

ನಮ್ಮ ಕಾಲುದಾರಿಗಳಿಗೆ ದೊಡ್ಡ ಪ್ರಪಂಚದ ಜೊತೆ ಸಂಬಂಧ ಇತ್ತೆಂದರೆ ಮಕ್ಕಳು ನಂಬುವುದಿಲ್ಲ. ಮಿರ್ಜಾನಿನ ಕೋಟೆ ನೋಡಿದರೆ ನಂಬಬೇಕಾಗುತ್ತದೆ. ಚಿರೇಕಲ್ಲಿನ ಆ ಕೋಟೆಯನ್ನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಹೇಳುವುದು ರೂಢಿ. 16ನೆಯ ಶತಮಾನದ ನಡುವಿನಿಂದ 17ನೆಯ ಶತಮಾನದ ಆರಂಭದವರೆಗೆ ಐವತ್ತಕ್ಕೂ ಹೆಚ್ಚು ವರ್ಷ ಆಳಿದ ಆಕೆಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರು. ಅವಳ ಬಂದರುಗಳಿಗೆ ಬಂದ ಮೆಣಸು ಬಂದರಿನಲ್ಲಿ ಬೆಳೆದದ್ದಲ್ಲ. ಘಟ್ಟದ ಬುಡದ ಕಾಡಿನಲ್ಲಿ, ತೋಟದ ಮರಗಳಲ್ಲಿ ಹಬ್ಬಿದ ಬಳ್ಳಿಯಿಂದ ಕೊಯ್ದು, ಒಣಗಿಸಿ, ಹಳ್ಳ ದಾಟಿ ಹೊತ್ತು ತಂದದ್ದು. ಲಿಸ್ಬನ್ನಿನ ಊಟದ ಮೇಜಿನ ಮೇಲಿನ ಮೆಣಸಿನ ಕಾಳು ಮೊದಲು ನಮ್ಮಂಥವರ ಬೆನ್ನ ಮೇಲೆ ಪ್ರಯಾಣ ಮಾಡಿತ್ತು. ಕೋಟೆಯಲ್ಲಿ ರಾಣಿಯ ಹೆಸರು ಉಳಿಯಿತು, ಹೊತ್ತವರ ಹೆಸರು ಎಲ್ಲೂ ಉಳಿಯಲಿಲ್ಲ.

1799ರಲ್ಲಿ ಟಿಪ್ಪು ಸುಲ್ತಾನ ಬಿದ್ದ ಮೇಲೆ ಈ ಸೀಮೆ ಇಂಗ್ಲಿಷರ ಕೈಗೆ ಹೋಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರಕಾರದ ಪರವಾಗಿ ಕರಾವಳಿಯ ಊರೂರು ಹಾದುಹೋದ. ಎಲ್ಲಿ ಏನು ಬೆಳೆಯುತ್ತದೆ, ಯಾರು ಬೆಳೆಯುತ್ತಾರೆ, ಎಷ್ಟು ತೆರಿಗೆ ಎಂದೆಲ್ಲ ಬರೆದುಕೊಂಡ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಸರಕಾರ ಮೊದಲು ದಾರಿಯನ್ನು ತಿಳಿದುಕೊಳ್ಳುತ್ತದೆ, ಆಮೇಲೆ ತೆರಿಗೆ ಬರುತ್ತದೆ. ಇದು ಎಲ್ಲ ಕಾಲಕ್ಕೂ ನಿಜ.

ಆಮೇಲೆ ಬಂದದ್ದು ಹತ್ತಿಯ ಕಾಲ. ನಮ್ಮ ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಮುಂಬಯಿಯ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂಬ ಹೆಸರಿತ್ತು! ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿತ್ತು, ಅದಕ್ಕೇ ಆ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ, ನಮ್ಮ ದೇವಿಮನೆ ಘಟ್ಟದಲ್ಲಿ ಎತ್ತಿನ ಗಾಡಿಗಳ ಸಾಲು ಬೆಳೆಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮುಂಬಯಿಯ ವ್ಯಾಪಾರಿಗಳಿಗೆ ಈ ಕರಾವಳಿ ಬೇಕಾಗಿತ್ತು.

ಗಾಡಿರಸ್ತೆಯಾದ ಮೇಲೆ ದೊಡ್ಡ ವ್ಯಾಪಾರ ಅಲ್ಲಿಗೆ ಹೋಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯಿಂದ ಗೋವೆಯ ಮರ್ಮಗೋವೆಗೆ ರೈಲು ಓಡತೊಡಗಿದಾಗ ಕುಮಟೆಯ ಬಂದರೂ ಸೊರಗಿತು. ಕಾಲುದಾರಿಯನ್ನು ಗಾಡಿದಾರಿ ನುಂಗಿತು, ಗಾಡಿದಾರಿಯನ್ನು ರೈಲು ನುಂಗಿತು. ಯಾಣದ ದಾರಿಯಲ್ಲಿ ಉಳಿದವರು ದೇವರಿಗೆ ಹೋಗುವವರು, ಸೊಪ್ಪಿಗೆ ಸೌದೆಗೆ ಹೋಗುವವರು, ಮಗಳ ಮನೆಗೆ ಹೋಗುವವರು. ದಾರಿ ಉಳಿಯಲು ಅಷ್ಟು ಸಾಕಾಗಿತ್ತು.

ದಾರಿ ಯಾರದ್ದು?

ಇಲ್ಲಿ ಸಂಘದ ಸದಸ್ಯರು ಸ್ವಲ್ಪ ಗಮನ ಕೊಡಬೇಕು. ಆ ದಾರಿಗೆ ಸರಕಾರದ ಒಂದು ಕಾಸೂ ಬಂದದ್ದಲ್ಲ. ಮಳೆಗಾಲ ಕಳೆದ ಮೇಲೆ ಹಳ್ಳಗಳಿಗೆ ಅಡಿಕೆ ಮರದ ಕಾಲುಸಂಕ ಹಾಕಬೇಕು. ಬಿದ್ದ ಮರ ಕಡಿದು ಸರಿಸಬೇಕು. ಶಿವರಾತ್ರಿಗೆ ಮೊದಲು ಮುಳ್ಳು, ಮಟ್ಟಿ ಸವರಬೇಕು. ಇದನ್ನೆಲ್ಲ ನಾವು ಚಿಕ್ಕವರಿದ್ದಾಗ ಊರವರು ಮುರಿಯಾಳಿನಲ್ಲಿ ಮಾಡುತ್ತಿದ್ದರು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಶಿವರಾತ್ರಿಯ ಹಿಂದಿನ ವಾರ ಎಲ್ಲರೂ ದಾರಿಗೆ. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಹವ್ಯಕರು, ನದಿಯ ಕಡೆಗೆ ಅಂಬಿಗರು, ಎಲ್ಲರ ಕೈಯೂ ಅದರಲ್ಲಿ ಇತ್ತು. ಎಲ್ಲರಿಗೂ ಒಂದೇ ಪಂಕ್ತಿ ಇತ್ತು ಎಂದು ಹೇಳಿದರೆ ಸುಳ್ಳಾದೀತು, ಇರಲಿಲ್ಲ. ಆದರೆ ಸಂಕ ಮಾತ್ರ ಎಲ್ಲರ ಕಾಲಿಗೂ ಒಂದೇ ಇತ್ತು.

ಸಹಕಾರ ಎಂಬ ಮಾತು ಕಾನೂನಿನಲ್ಲಿ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ನಮ್ಮ ಜಿಲ್ಲೆಯಲ್ಲಿ 1923ರಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಆಯಿತು. ಅದಕ್ಕೆ ಮೊದಲು ಅಡಿಕೆ ಬೆಳೆಗಾರ ಕೊಯ್ಲಿಗೆ ಮುಂಚೆಯೇ ಸಾಲ ತಂದು, ಸಾಹುಕಾರ ಹೇಳಿದ ದರಕ್ಕೆ ಮಾಲು ಹಾಕಬೇಕಾಗಿತ್ತು. ಅಡಿಕೆ ಹೊತ್ತು ಇಳಿದವನು ಬರಿಗೈಯಲ್ಲಿ ಹತ್ತುತ್ತಿದ್ದ. ಸಾಣೀಕಟ್ಟೆಯಲ್ಲಿ ಉಪ್ಪಿನ ಮಾಲೀಕರೂ ಸಹಕಾರಿ ಸಂಘ ಕಟ್ಟಿಕೊಂಡರು. ನಮ್ಮ ದಾರಿಯ ಮೇಲಿನ ತುದಿಯ ಅಡಿಕೆ, ಕೆಳಗಿನ ತುದಿಯ ಉಪ್ಪು, ಎರಡೂ ಸಹಕಾರದ ಕೈಗೆ ಬಂದವು. ಕಾಗದದ ಮೇಲೆ ನೋಂದಣಿಯಾಗುವ ಮೊದಲೇ ನಮ್ಮ ಹಿರಿಯರು ಕಾಲುಸಂಕದ ಮೇಲೆ ಸಹಕಾರ ಕಲಿತಿದ್ದರು ಎಂದು ನಾವು ಹೇಳುವುದು ಇದಕ್ಕೇ.

ಉಪ್ಪಿಗೆ ಇನ್ನೊಂದು ನೆನಪಿದೆ. 1930ರ ಏಪ್ರಿಲಿನಲ್ಲಿ ಗಾಂಧೀಜಿಯವರು ದಾಂಡಿಯಲ್ಲಿ ಉಪ್ಪು ಎತ್ತಿದ ಒಂದು ವಾರದಲ್ಲೇ, 13ನೇ ತಾರೀಕು, ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯಿದೆ ಮುರಿದರು. ಮುಂದೆ ಅಂಕೋಲಾ, ಸಿದ್ದಾಪುರ ಸೀಮೆಯ ರೈತರು ಕರನಿರಾಕರಣೆ ಮಾಡಿ ಹೊಲಮನೆ ಕಳೆದುಕೊಂಡರು. ತೆರಿಗೆ ವಸೂಲಿ ಮಾಡಿದ ಸರಕಾರಕ್ಕೆ ಜನ ಕೊಟ್ಟ ಉತ್ತರ ಅದು.

ಕಡಲಿನ ಗುಡ್ಡದ ಮೇಲೆ

ಶಿವರಾತ್ರಿ ಕಳೆದು ಗೋಕರ್ಣದಲ್ಲಿ ಮಹಾರಥ ಎಳೆಯುವ ದಿನಗಳಲ್ಲಿ ಯಾಣದಿಂದ ಇಳಿದವರು ಅಲ್ಲಿಗೆ ಬಂದು ಮುಟ್ಟುತ್ತಿದ್ದರು. ಮಹಾಬಲೇಶ್ವರನ ದರ್ಶನ, ಕೋಟಿತೀರ್ಥ, ಸಮುದ್ರಸ್ನಾನ ಆದ ಮೇಲೆ ಅಜ್ಜ ನಮ್ಮನ್ನು ಊರಿನ ದಕ್ಷಿಣದ ಗುಡ್ಡಕ್ಕೆ ಕರೆದೊಯ್ದರು. ಚಿರೇಕಲ್ಲಿನ ಬೋಳುಗುಡ್ಡ, ಒಣಹುಲ್ಲು, ಗಾಳಿ. ಕೆಳಗೆ ಕುಡ್ಲೆಯ ಮರಳು. ಇನ್ನೂ ಮುಂದೆ ನಡೆದರೆ ಎರಡು ಬಾಗು ಸೇರಿ ಓಂಕಾರದ ಹಾಗೆ ಕಾಣುವ ಕಡಲ ದಂಡೆ. ಆಗ ಅಲ್ಲಿ ಅಂಗಡಿಯಿಲ್ಲ, ಹೋಟೆಲಿಲ್ಲ. ಒಬ್ಬ ಹುಡುಗ ದನ ಮೇಯಿಸುತ್ತಿದ್ದ, ಅಷ್ಟೇ.

ಎಲ್ಲರೂ ಪಶ್ಚಿಮಕ್ಕೆ ಸಮುದ್ರ ನೋಡುತ್ತಿದ್ದರೆ ಅಜ್ಜ ಪೂರ್ವಕ್ಕೆ ತಿರುಗಿ ಕುಳಿತರು. ಗದ್ದೆ, ಉಪ್ಪಿನಾಗರ, ಅಳಿವೆಯ ನೀರು, ಅದರಾಚೆ ನೀಲಿಯಾಗಿ ಘಟ್ಟದ ಸಾಲು. "ಅದೇ ನೋಡು, ಅಲ್ಲಿಂದ ಹೊರಟದ್ದು ನಾವು. ನೀರೂ ಅಲ್ಲಿಂದ್ಲೇ ಹೊರಟದ್ದು" ಎಂದರು. ಯಾಣದ ಬಂಡೆ ಅಲ್ಲಿಂದ ಕಾಣುವುದಿಲ್ಲ. ಆದರೆ ನಡೆದು ಬಂದವನಿಗೆ ಅದು ಎಲ್ಲಿದೆ ಎಂದು ಗೊತ್ತಿರುತ್ತದೆ. ಅವಲಕ್ಕಿ ಬೆಲ್ಲ ತಿಂದು ಅಲ್ಲಿಂದ ಎದ್ದೆವು. ಮರಳುವಾಗ ಗಜನಿ ಗದ್ದೆಗಳ ಬದು. ಅಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಬದು ಒಡೆದರೆ ಒಬ್ಬನ ಗದ್ದೆಯಲ್ಲ, ಇಡೀ ಬಯಲು ಹೋಗುತ್ತದೆ. ಆದ್ದರಿಂದ ಅಲ್ಲಿಯೂ ಎಲ್ಲರೂ ಕೂಡಿಯೇ ಕಟ್ಟಬೇಕು. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಚಿಪ್ಪು ಆರಿಸುತ್ತಿದ್ದರು. ಈ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ರಾಮ್ಸರ್ ಪಟ್ಟಿಗೆ ಸೇರಿಸಿದ್ದಾರೆ. ಬುಟ್ಟಿ ಹಿಡಿದ ಆ ತಾಯಂದಿರಿಗೆ ಅದರ ಮಹತ್ವ ಮೊದಲೇ ಗೊತ್ತಿತ್ತು.

ನಾವೇ ದಾರಿ ತಪ್ಪಿದ್ದು

1990ರ ದಶಕದಲ್ಲಿ ಸುನಿಲ್ ಕುಮಾರ್ ದೇಸಾಯಿಯವರ 'ನಮ್ಮೂರ ಮಂದಾರ ಹೂವೇ' ಸಿನೆಮಾದಲ್ಲಿ ಯಾಣವನ್ನು ರಾಜ್ಯದ ಜನ ನೋಡಿದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ರಸ್ತೆ ಬಂಡೆಯ ಹತ್ತಿರದವರೆಗೂ ಬಂತು. ವಯಸ್ಸಾದವರು, ಕಾಲು ನೋವಿನವರು ದರ್ಶನ ಮಾಡುವಂತಾಯಿತು, ಅದು ಒಳ್ಳೆಯದೇ. ಕಾರು ನಿಲ್ಲಿಸಿ ಸ್ವಲ್ಪ ದೂರ ನಡೆದರೆ ಯಾಣ. ಈಗ ಯಾಣಕ್ಕೂ ರೊಕ್ಕ ಇದ್ದರೆ ಸಾಕು, ಸೊಕ್ಕು ಬೇಡ.

ಈಚೆಗೆ ಒಂದು ಚಳಿಗಾಲದಲ್ಲಿ ಮೊಮ್ಮಕ್ಕಳಿಗೆ ಹಳೆಯ ದಾರಿ ತೋರಿಸೋಣ ಎಂದು ನಾವು ಹುರುಪಿನಿಂದ ಹೊರಟೆವು. ಮೊದಲ ಹಳ್ಳ ದಾಟಿದೆವು. ಎರಡನೆಯದಕ್ಕೆ ಸಂಕ ಇರಲಿಲ್ಲ, ಕಲ್ಲು ಹಿಡಿದು ದಾಟಿದೆವು. ಆಮೇಲೆ ದಾರಿಯೇ ಇಲ್ಲ! ಮಟ್ಟಿ ಬೆಳೆದು ಮುಚ್ಚಿಹೋಗಿದೆ. ಎಡಕ್ಕೋ ಬಲಕ್ಕೋ ಎಂದು ನಮಗೇ ತಿಳಿಯಲಿಲ್ಲ. ಅಜ್ಜ ಪ್ರತಿ ಸಲ ಕುಳಿತು ಎಲೆ ಹಾಕುತ್ತಿದ್ದ ಹಾಸುಗಲ್ಲು ಎಲ್ಲಿ ಎಂದು ಹುಡುಕಿದೆವು, ಸಿಗಲಿಲ್ಲ. ಕಿರಿಯ ಮೊಮ್ಮಗಳು "ಅಜ್ಜ, ನಿಂಗೆ ದಾರಿ ಗೊತ್ತಿಲ್ಯಾ?" ಎಂದು ಕೇಳಿದಳು. ಉತ್ತರ ಕೊಡಲಿಕ್ಕಾಗಲಿಲ್ಲ. ತಿರುಗಿ ಮನೆಗೆ ಬಂದು, ಮಾರನೆ ದಿನ ಬಾಡಿಗೆ ವ್ಯಾನು ಮಾಡಿಕೊಂಡು ಯಾಣ ನೋಡಿ ಬಂದೆವು. ಮಕ್ಕಳಿಗೆ ಖುಷಿಯಾಯಿತು. ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ. ನಮ್ಮ ತಲೆಮಾರಿನ ನಾಲ್ಕೈದು ಜನ ಹೋದ ಮೇಲೆ ಆ ದಾರಿ ಎಲ್ಲಿತ್ತು ಎಂದು ಹೇಳುವವರೂ ಇರುವುದಿಲ್ಲ. ಅದನ್ನು ಯಾರೂ ಕಸಿದುಕೊಂಡಿಲ್ಲ, ನಾವೇ ಬಿಟ್ಟುಕೊಟ್ಟೆವು.

ಇದು ಬರೀ ಹಳೆಯದರ ಮೇಲಿನ ಮೋಹವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವು ಜೀವಗಳು ಹೋದದ್ದನ್ನು ಯಾರೂ ಮರೆತಿಲ್ಲ. ರಸ್ತೆ ಬೇಡ ಎಂದು ನಾವು ಹೇಳುವುದಿಲ್ಲ, ಆಸ್ಪತ್ರೆಗೆ ರಸ್ತೆಯೇ ಬೇಕು. ಆದರೆ ಗುಡ್ಡ ಎಲ್ಲಿ ಗಟ್ಟಿ, ಎಲ್ಲಿ ಒಸರು ನೀರು ಬರುತ್ತದೆ, ಯಾವ ಹಳ್ಳ ಮಳೆಗಾಲದಲ್ಲಿ ದಿಕ್ಕು ಬದಲಿಸುತ್ತದೆ ಎಂಬುದು ನಡೆದವರ ಕಾಲಿಗೆ ಗೊತ್ತಿತ್ತು. ಹಳೆಯ ದಾರಿ ಗುಡ್ಡದ ಮಾತು ಕೇಳಿ ಬಾಗಿ ಬಾಗಿ ಹೋಗುತ್ತಿತ್ತು. ದಾರಿ ಮರೆತರೆ ಆ ತಿಳುವಳಿಕೆಯೂ ಮರೆತುಹೋಗುತ್ತದೆ.

ಒಂದು ವಿನಂತಿ

ಬೆಳ್ಳಿಹಬ್ಬದ ಹೊತ್ತಿನಲ್ಲಿ ನಮ್ಮ ಸಂಘದ ಮುಂದೆ ಒಂದು ಸಣ್ಣ ವಿನಂತಿ ಇಡುತ್ತೇವೆ. ಪ್ರತಿ ವರ್ಷ ಶಿವರಾತ್ರಿಗೆ ಎರಡು ವಾರ ಮೊದಲು ಒಂದು ಭಾನುವಾರ, ಅರಣ್ಯ ಇಲಾಖೆಯವರ ಅನುಮತಿ ಪಡೆದು, ಮನೆಗೆ ಒಬ್ಬರಂತೆ ಮುರಿಯಾಳಿಗೆ ಬರೋಣ. ಮರ ಕಡಿಯುವುದು ಬೇಡ, ದಾರಿಗೆ ಬಿದ್ದ ಮಟ್ಟಿ ಸರಿಸಿದರೆ ಸಾಕು. ಎರಡು ಹಳ್ಳಗಳಿಗೆ ಕಾಲುಸಂಕ ಹಾಕೋಣ. ಅಡಿಕೆ ಮರ ಕೊಡಲು ನಾವು ತಯಾರಿದ್ದೇವೆ. ದಾರಿ ಬಲ್ಲ ಹಿರಿಯರನ್ನು ಮುಂದೆ ಬಿಟ್ಟು, ಶಾಲೆಯ ಮಕ್ಕಳು ಹಿಂದೆ ನಡೆಯಲಿ. ಒಸರು, ಹಾಸುಗಲ್ಲು, ದೇವರ ಬನ, ತಿರುವು ಇವುಗಳ ಹೆಸರುಗಳನ್ನು ಮಕ್ಕಳು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿ. ಆ ನೋಟುಬುಕ್ಕು ಸಂಘದ ಕಪಾಟಿನಲ್ಲಿ ಠರಾವು ಪುಸ್ತಕದ ಪಕ್ಕದಲ್ಲಿ ಇರಲಿ.

ಸಾಲ ವಸೂಲಿ, ಷೇರು, ಡಿವಿಡೆಂಡು ಇವೆಲ್ಲ ಸಂಘಕ್ಕೆ ಬೇಕು. ಇವುಗಳ ಲೆಕ್ಕ ಈ ಸಂಚಿಕೆಯ ಬೇರೆ ಪುಟಗಳಲ್ಲಿದೆ. ಆದರೆ ನಾವು ಕೂಡಿ ನಡೆಯುತ್ತಿದ್ದೆವು ಎಂಬುದೂ ನಮ್ಮ ಆಸ್ತಿಯ ಪಟ್ಟಿಯಲ್ಲಿ ಬರಬೇಕಾದದ್ದೇ. ಸಂಘ ಚಿನ್ನದ ಹಬ್ಬ ಆಚರಿಸುವ ಹೊತ್ತಿಗೆ ನಾವು ಇರಲಿಕ್ಕಿಲ್ಲ. ಆಗ ಯಾರಾದರೂ ಮೊಮ್ಮಗಳು ತನ್ನ ಅಜ್ಜನ ಹತ್ತಿರ ದಾರಿ ಕೇಳಿದರೆ, "ಗೊತ್ತಿದ್ದು, ಬಾ" ಎಂದು ಅವನು ಮುಂದೆ ಹೊರಡುವಂತಾಗಲಿ. ಸಂಘಕ್ಕೂ, ಸದಸ್ಯ ಬಾಂಧವರಿಗೂ ಒಳ್ಳೆಯದಾಗಲಿ.